ರೇಸ್ ಇಳಿಯದ ಹಳೇ ಟ್ರ್ಯಾಕ್ಟರ್: ಪಂಪ್ ಇಳಿಸುವ ಮೊದಲು ನಾನು ನೋಡಿದ್ದು

ನಮ್ಮ ಮನೆಯ ಟ್ರ್ಯಾಕ್ಟರ್ 35 ಎಚ್‌ಪಿಯದು. ಅಪ್ಪ 1981ರಲ್ಲಿ ತಂದದ್ದು. ಹೋದ ನವೆಂಬರಿನಲ್ಲಿ, ನಮ್ಮ ರಾಣೆಬೆನ್ನೂರು ಕಡೆ ಮೆಕ್ಕೆಜೋಳ ಒಕ್ಕುವ ಕೆಲಸ ಜೋರಾಗಿದ್ದಾಗಲೇ ಅದರ ರೇಸ್, ಅಂದರೆ ಇಂಜಿನ್ ಓಡುವ ವೇಗ, ಕೈಕೊಟ್ಟಿತು. ಹ್ಯಾಂಡ್ ಆಕ್ಸಿಲರೇಟರ್ ಪೂರ್ತಿ ಇಳಿಸಿದರೂ ಇಂಜಿನ್ ಇಳಿಯುತ್ತಿರಲಿಲ್ಲ. ಮೊದಲು ನಿಮಿಷಕ್ಕೆ 600 ಸುತ್ತಿನ ಹತ್ತಿರ ನಿಲ್ಲುತ್ತಿದ್ದ ಮೀಟರ್ ಮುಳ್ಳು 1100ರಲ್ಲಿ ಆಡುತ್ತಿತ್ತು. ರೊಂಯ್ ಅಂತ ಏರುವುದು, ಇಳಿಯುವುದು, ಮತ್ತೆ ಏರುವುದು. ಮೆಕ್ಯಾನಿಕ್‌ಗಳು ಇದಕ್ಕೆ ಹಂಟಿಂಗ್ ಅಂತಾರೆ.

ಒಕ್ಕುವ ಮಷೀನ್ ಹಾಕಿದಾಗ ಇನ್ನೂ ಕಷ್ಟ. ಪಿಟಿಒ (ಟ್ರ್ಯಾಕ್ಟರ್ ಹಿಂದಿನಿಂದ ಮಷೀನ್ ತಿರುಗಿಸುವ ಶಾಫ್ಟ್) ನಿಮಿಷಕ್ಕೆ 540 ಸುತ್ತು ತಿರುಗಬೇಕು ಅಂತ ಲೆಕ್ಕ ಹಾಕಿ ಮಾಡಿದ ಮಷೀನ್ ಅದು. ತೆನೆ ಹಾಕುವುದು ಒಂದು ಗಳಿಗೆ ನಿಂತರೆ ಸಾಕು, ಇಂಜಿನ್ ಕಿರುಚುತ್ತಾ ಏರುತ್ತಿತ್ತು. ಕಾಳು ಒಡೆದು ಬರುತ್ತಿತ್ತು. ಪಕ್ಕದಲ್ಲಿ ನಿಂತು ತೆನೆ ಹಾಕುವವರನ್ನು ನೋಡಿ ನನಗೇ ಭಯವಾಗಿ ಕೆಲಸ ನಿಲ್ಲಿಸಿದೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಡೀಸೆಲ್ ಏರ್ ತಗೊಂಡಿರಬೇಕು ಅಂತ ಎರಡೂ ಫಿಲ್ಟರ್ ಬದಲಾಯಿಸಿ, ಗುಳ್ಳೆ ನಿಲ್ಲುವವರೆಗೂ ಕೈಪಂಪ್ ಒತ್ತಿ ಏರ್ ತೆಗೆದೆ. ಏನೂ ಬದಲಾಗಲಿಲ್ಲ. ಡೀಸೆಲ್‌ನಲ್ಲಿ ಏರ್ ಇದ್ದರೆ ಇಂಜಿನ್ ಸೋಲುತ್ತದೆ, ಬಿಟ್ಟುಬಿಟ್ಟು ಓಡುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ನಮ್ಮದು ಇಳಿಯಲಾರದೆ ಏರುತ್ತಿತ್ತು. ಈ ವ್ಯತ್ಯಾಸ ಆಗ ಹೊಳೆದಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಆಮೇಲೆ ಬಂದ ಮೆಕ್ಯಾನಿಕ್ ರೇಸ್ ಪೂರ್ತಿ ಇಳಿಸಿದಾಗಿನ ವೇಗ ಹೊಂದಿಸುವ ಸ್ಲೋ ಸ್ಕ್ರೂ ತಿರುಗಿಸಿದರು. ಸ್ವಲ್ಪ ಇಳಿದಂತೆ ಅನಿಸಿತು. ಲೋಡ್ ಹಾಕಿದರೆ ಮತ್ತೆ ಅದೇ ಕತೆ. ಇಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಪಂಪಿನ ಮೇಲಿನ ಸೀಸದ ಸೀಲ್ ಕತ್ತರಿಸಿ ಒಳಗಿನ ಸ್ಕ್ರೂ ತಿರುಗಿಸುತ್ತೇನೆ ಅಂದರು. ನಾನು ಬೇಡ ಅಂದೆ. ಆ ಸ್ಕ್ರೂ ಎಷ್ಟು ಡೀಸೆಲ್ ಹೋಗಬೇಕು ಅನ್ನುವ ಗಡಿ. ಅದನ್ನು ಪಂಪ್ ಟೆಸ್ಟ್ ಮಾಡುವ ಮಷೀನಿನ ಮೇಲೆ ಇಟ್ಟು ಹೊಂದಿಸಬೇಕೇ ಹೊರತು ಹೊಲದಲ್ಲಿ ಅಂದಾಜಿನ ಮೇಲೆ ಅಲ್ಲ. ಹಾಗಾದರೆ ಪಂಪ್ ಇಳಿಸಿ ದಾವಣಗೆರೆಗೆ ಕಳಿಸಿ, ಹತ್ತು ಹನ್ನೆರಡು ಸಾವಿರ ಆಗಬಹುದು ಅಂತ ಹೇಳಿ ಹೋದರು.

ಇಳಿಸುವ ಮೊದಲು ಪಂಪ್ ಅಂಗಡಿಯ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: "ತಮ್ಮಾ, ಗಾಳಿ ಹೋಗೋ ಮ್ಯಾನಿಫೋಲ್ಡಿಂದ ಪಂಪಿನ ಹಿಂದಕ್ಕೆ ಸಣ್ಣದೊಂದು ಪೈಪ್ ಬಂದೈತಾ ನೋಡು." ಬಂದಿತ್ತು. "ಹಂಗಾದ್ರ ಪಂಪ್ ಮುಟ್ಟಬ್ಯಾಡ. ಮೊದಲು ಅದನ್ನ ನೋಡು."

ಆ ಪೈಪ್ ಇದ್ದರೆ ಇಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರ್ ಗಾಳಿಯ ಎಳೆತದಿಂದ ಕೆಲಸ ಮಾಡುವಂಥದ್ದು. ನಾವು ಆಕ್ಸಿಲರೇಟರ್ ಎಳೆದಾಗ ತಿರುಗುವುದು ಮ್ಯಾನಿಫೋಲ್ಡ್ ಬಾಯಲ್ಲಿರುವ ಒಂದು ತಗಡಿನ ಬಿಲ್ಲೆ ಮಾತ್ರ. ಬಿಲ್ಲೆ ಮುಚ್ಚಿಕೊಂಡಷ್ಟೂ ಅಲ್ಲಿ ಎಳೆತ ಜಾಸ್ತಿ. ಆ ಎಳೆತ ಪೈಪಿನ ಮೂಲಕ ಪಂಪಿನ ಹಿಂಬದಿಯಲ್ಲಿರುವ ಚರ್ಮದ ಪರದೆಗೆ, ಅಂದರೆ ಡಯಾಫ್ರಾಮ್‌ಗೆ ಹೋಗಿ, ಡೀಸೆಲ್ ಕಡಿಮೆ ಮಾಡುವ ಕಡೆಗೆ, ಅದರ ಅಳತೆ ಬದಲಿಸುವ ಸರಳಾದ ರ‍್ಯಾಕ್ ಅನ್ನು ಎಳೆಯುತ್ತದೆ. ಎದುರಿಗೆ ಒಂದು ಸ್ಪ್ರಿಂಗ್ ಇದೆ. ಅದು ಯಾವಾಗಲೂ ಡೀಸೆಲ್ ಜಾಸ್ತಿ ಮಾಡುವ ಕಡೆಗೇ ತಳ್ಳುತ್ತದೆ. ಅಂದರೆ ಪೈಪಿನಲ್ಲೋ ಡಯಾಫ್ರಾಮಿನಲ್ಲೋ ಗಾಳಿ ಸೋರಿದರೆ ಗೆಲ್ಲುವುದು ಸ್ಪ್ರಿಂಗೇ. ರೇಸ್ ಇಳಿಯುವುದಿಲ್ಲ.

ಅವರು ಫೋನಿನಲ್ಲೇ ಹೇಳಿಕೊಟ್ಟ ಪರೀಕ್ಷೆಗೆ ಒಂದು ಪಾನ, ಒಂದು ಹೆಬ್ಬೆರಳು ಸಾಕು. ಇಂಜಿನ್ ನಿಲ್ಲಿಸಿ, ಮ್ಯಾನಿಫೋಲ್ಡ್ ಕಡೆಯ ನಟ್ಟು ಬಿಚ್ಚಿ ಪೈಪ್ ತುದಿ ಬಿಡಿಸಿಕೊಂಡೆ. ಮಗ ಪಂಪಿನ ಸ್ಟಾಪ್ ಲಿವರ್ ಪೂರ್ತಿ ಎಳೆದು ಹಿಡಿದ. ನಾನು ಹೆಬ್ಬೆರಳು ಒದ್ದೆ ಮಾಡಿ ಪೈಪಿನ ಬಾಯಿ ಗಟ್ಟಿಯಾಗಿ ಒತ್ತಿದೆ. "ಬಿಡು" ಅಂದೆ. ಎಲ್ಲ ಸರಿಯಿದ್ದರೆ ಲಿವರ್ ಸ್ವಲ್ಪ ಹಿಂದೆ ಬಂದು, ಬೆರಳನ್ನು ಒಳಗೆ ಎಳೆಯುತ್ತಾ ಅಲ್ಲೇ ತಡೆಯಬೇಕು, ಆಮೇಲೆ ನಿಧಾನಕ್ಕೆ ಜಾರಬೇಕು. ನಮ್ಮದು ಟಕ್ ಅಂತ ಪೂರ್ತಿ ವಾಪಸ್ ಬಂತು. ಬೆರಳಿಗೆ ಎಳೆತವೇ ಗೊತ್ತಾಗಲಿಲ್ಲ.

ಪೈಪನ್ನು ಪೂರ್ತಿ ಬಿಚ್ಚಿ ಬಿಸಿಲಿಗೆ ಹಿಡಿದೆ. ಡೀಸೆಲ್ ಪೈಪಿಗೆ ಉಜ್ಜಿ ಉಜ್ಜಿ, ಕ್ಲಿಪ್‌ನ ಅಡಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಸಿಕ್ಕಿತು ಅಂತ ಖುಷಿಪಟ್ಟು ಹೊಸ ಪೈಪ್ ಹಾಕಿದೆ. 1100 ಇದ್ದದ್ದು 850ಕ್ಕೆ ಬಂತು, ಅಷ್ಟೇ. ಬೆರಳಿನ ಪರೀಕ್ಷೆ ಮತ್ತೆ ಮಾಡಿದರೆ ಲಿವರ್ ಸ್ವಲ್ಪ ತಡೆದು ಜಾರಿಬಿಡುತ್ತಿತ್ತು. ಹಳೇ ಪೈಪಿನ ಒಳಗೆ ಎಣ್ಣೆಯ ಪಸೆಯೂ ಇತ್ತು. ಅದೇ ಎರಡನೇ ಸುಳಿವು. ಡಯಾಫ್ರಾಮ್ ತೂತಾದರೆ ಪಂಪಿನೊಳಗಿನ ಆಯಿಲ್ ಅದೇ ದಾರಿಯಲ್ಲಿ ಇಂಜಿನ್‌ಗೆ ಹೋಗುತ್ತದೆ.

ಪಂಪನ್ನು ಅಲ್ಲೇ ಬಿಟ್ಟು ಗವರ್ನರ್ ಮುಚ್ಚಳ ಮಾತ್ರ ಬಿಚ್ಚಿದೆವು. ಸ್ಪ್ರಿಂಗ್ ಹಾರದಂತೆ ಅಂಗೈಯಲ್ಲಿ ಒತ್ತಿಕೊಂಡೇ ತೆಗೆಯಬೇಕು. ಒಳಗಿದ್ದ ಚರ್ಮದ ಡಯಾಫ್ರಾಮ್ ಹಪ್ಪಳದ ಹಾಗೆ ಬಿರುಸಾಗಿತ್ತು. ಮಡಿಕೆ ಬೀಳುವ ಜಾಗದಲ್ಲಿ ಬೆಳಕು ಕಾಣುತ್ತಿತ್ತು. ಹೊಸದಕ್ಕೆ ಕೊಟ್ಟಿದ್ದು ಸಾವಿರ ರೂಪಾಯಿಗಿಂತ ಕಡಿಮೆ. ಮುಚ್ಚಳ ಕೂರಿಸುವಾಗ ಅಂಚು ಎಲ್ಲೂ ಮಡಚಿಕೊಳ್ಳದಂತೆ ನೋಡಿಕೊಂಡೆವು. ಈ ಸಲ ಹೆಬ್ಬೆರಳನ್ನು ಪೈಪ್ ಜಗ್ಗಿ ಹಿಡಿಯಿತು! ಸ್ಟಾರ್ಟ್ ಮಾಡಿದರೆ ಇಂಜಿನ್ ತೀರಾ ಇಳಿದು ನಿಂತೇ ಹೋಯಿತು. ಕಾರಣ ಹಿಂದೆ ತಿರುಗಿಸಿದ್ದ ಸ್ಲೋ ಸ್ಕ್ರೂ. ಅದನ್ನು ಮೊದಲಿನ ಜಾಗಕ್ಕೆ ತಂದ ಮೇಲೆ ಮುಳ್ಳು 600ರ ಹತ್ತಿರ ಅಲುಗದೆ ನಿಂತಿತು.

ಇಂಥ ಗಾಡಿ ಇರುವವರು ಒಂದು ಮಾತು ದಯವಿಟ್ಟು ಕೇಳಿ. ಗವರ್ನರ್ ಬಿಚ್ಚಿ ಹಾಕಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಬ್ಬರು ಸ್ಟಾಪ್ ಲಿವರ್ ಹತ್ತಿರವೇ ಇರಲಿ. ಗೇರ್, ಪಿಟಿಒ ಎರಡೂ ನ್ಯೂಟ್ರಲ್‌ನಲ್ಲಿರಲಿ. ಏರ್ ಕ್ಲೀನರ್ ಪೈಪ್ ಬಿಡಿಸಿಟ್ಟು, ಗಾಳಿ ಹೋಗುವ ಬಾಯಿ ಪೂರ್ತಿ ಮುಚ್ಚುವಂಥ ದಪ್ಪ ಹಲಗೆ ಕೈಯಲ್ಲಿ ಹಿಡಿದಿರಿ. ಇಂಜಿನ್ ಆಯಿಲ್ ಎಳೆದುಕೊಂಡು ಓಡತೊಡಗಿದರೆ ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ, ಗಾಳಿಯನ್ನೇ ಕಟ್ಟಬೇಕು. ಕೈಯನ್ನಾಗಲಿ ಟವಲನ್ನಾಗಲಿ ಅಲ್ಲಿಗೆ ಒಡ್ಡಬೇಡಿ, ಎಳೆದುಕೊಂಡುಬಿಡುತ್ತದೆ.

ನಿಮ್ಮ ಗಾಡಿಗೆ ಆ ಸಣ್ಣ ಪೈಪ್ ಇಲ್ಲದಿದ್ದರೆ ಗವರ್ನರ್ ಸಾಮಾನ್ಯವಾಗಿ ಪಂಪಿನೊಳಗೆ ತಿರುಗುವ ತೂಕದ ಗುಂಡುಗಳಿಂದ ಕೆಲಸ ಮಾಡುವಂಥದ್ದು. ಅಲ್ಲಿ ಮೊದಲು ಆಕ್ಸಿಲರೇಟರ್ ರಾಡ್, ಅದರ ಜಾಯಿಂಟ್‌ಗಳು, ಲಿವರ್ ಎಳೆಯುವ ಸ್ಪ್ರಿಂಗ್ ಇಷ್ಟನ್ನು ನೋಡಿ. ಅಲ್ಲಿಗೂ ಸರಿಹೋಗದಿದ್ದರೆ ಪಂಪ್ ಅಂಗಡಿಗೇ ಹೋಗಬೇಕು.

ಮಾರನೇ ದಿನ ಮಷೀನ್ ಹಾಕಿದಾಗ ಇನ್ನೊಂದು ಗೊತ್ತಾಯಿತು. ಅರ್ಧ ಗಂಟೆಗೊಮ್ಮೆ ರೇಸ್ ತಾನಾಗಿಯೇ ಇಳಿಯುತ್ತಿತ್ತು. ಮತ್ತೆ ಗವರ್ನರ್ ಅಂತ ಎದೆ ಧಸಕ್ ಅಂತು. ನೋಡಿದರೆ ಹ್ಯಾಂಡ್ ಲಿವರ್ ನಡುಗಿ ನಡುಗಿ ಕೆಳಗೆ ಜಾರುತ್ತಿತ್ತು. ಬುಡದ ವಾಷರ್ ಸವೆದಿತ್ತು. ಹೊಸದು ಹಾಕಿ ನಟ್ಟು ಬಿಗಿ ಮಾಡಿ, ಸಂಜೆಯವರೆಗೂ ಒಕ್ಕಿದೆವು.