ಐನೂರು ಬಸ್ಕಿಯಿಂದ ಇಪ್ಪತ್ತು ಜಿಗಿತಕ್ಕೆ

ದಾವಣಗೆರೆಯ ಗರಡಿಯಲ್ಲಿ ಬೆಳೆದವರಿಗೆ ಎಣಿಕೆಯೇ ದೇವರು. ಐನೂರು ಬಸ್ಕಿ, ಇನ್ನೂರು ದಂಡ. ಬೆವರು ಮಟ್ಟಿಯ ಮಣ್ಣಿಗೆ ತೊಟ್ಟಿಕ್ಕದಿದ್ದರೆ ಅವತ್ತು ಸಾಮು ಮಾಡಿದ ಲೆಕ್ಕವೇ ಇಲ್ಲ. ನಾನೂ ಹಾಗೇ ಬೆಳೆದೆ, ತೊಡೆ ಕಂಬದ ಹಾಗಾಯಿತು. ಆದರೆ ಕಬಡ್ಡಿ ಅಂಕಣಕ್ಕೆ ಇಳಿದರೆ ಎದುರಾಳಿ ಕೈ ಹಾಕುವ ಹೊತ್ತಿಗೂ ನನ್ನ ಕಾಲು ಅಲ್ಲೇ ಇರುತ್ತಿತ್ತು. ನಡುಗೆರೆಯಿಂದ, ದಾಳಿಗೆ ಹೋದವನು ದಾಟಲೇಬೇಕಾದ ಬಾಕ್ ಲೈನಿಗೆ ಇರೋದು 3.75 ಮೀಟರ್, ಹೆಚ್ಚೆಂದರೆ ಎರಡು ನೆಗೆತ. ಶಕ್ತಿ ಇತ್ತು. ಅದು ಬರುವಷ್ಟರಲ್ಲಿ ನಾಲ್ಕು ಜನ ನನ್ನ ಮೇಲೆ ಬಿದ್ದಿರುತ್ತಿದ್ದರು.

ಪ್ಲೈಯೊಮೆಟ್ರಿಕ್ಸ್ ಅನ್ನೋ ಹೆಸರು ಮೊಬೈಲಿನಲ್ಲಿ ಸಿಕ್ಕಿತು, ಅಂದರೆ ನೆಲ ಮುಟ್ಟಿದ ಕೂಡಲೇ ಪುಟಿದು ಹಾರುವ ಕಸರತ್ತು. ಸಿಕ್ಕಿದ್ದೇ ತಡ, ಅದನ್ನೂ ಗರಡಿ ಲೆಕ್ಕದಲ್ಲೇ ಶುರು ಮಾಡಿದೆ. ದಿನಾ ಮುನ್ನೂರು ಜಿಗಿತ. ನಾಲ್ಕಡಿ ಕಾಂಪೌಂಡ್ ಗೋಡೆಯಿಂದ ಕಾಂಕ್ರೀಟ್ ಮೇಲೆ ಧುಮುಕಿ ಮತ್ತೆ ಹಾರೋದು. ಮೂರನೇ ವಾರಕ್ಕೆ ಮಂಡಿ ಚಿಪ್ಪಿನ ಕೆಳಗೆ ಸೂಜಿ ಚುಚ್ಚಿದ ಹಾಗೆ ನೋವು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು. ಡಾಕ್ಟರು ಒತ್ತಿ ನೋಡಿ, ಮೂಳೆಗೇನೂ ಆಗಿಲ್ಲ, ಸ್ನಾಯುರಜ್ಜು ಕೆರಳಿದೆ ಅಂದರು. ಆರು ವಾರ ಜಿಗಿತ ಬಂದ್. ಅಷ್ಟು ದಿನ ಮಾಡಿದ್ದು ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಕೂರೋದು, ಒಂದೊಂದು ಸಲಕ್ಕೆ 45 ಸೆಕೆಂಡು, ಐದು ಸಲ. ಶಾಲೆಯಲ್ಲಿ ಮೇಷ್ಟ್ರು ಕೊಡುತ್ತಿದ್ದ ಶಿಕ್ಷೆಯೇ ಔಷಧ ಆಯಿತು.

ಆ ಬಿಡುವಿನಲ್ಲಿ ಓದಿದೆ. 1960ರ ದಶಕದಲ್ಲಿ ಸೋವಿಯತ್ ಕೋಚ್ ಯೂರಿ ವೆರ್ಖೊಶಾನ್ಸ್ಕಿ ಟ್ರಿಪಲ್ ಜಂಪ್ ಆಟಗಾರರಿಗೆ ಎತ್ತರದಿಂದ ಇಳಿಸಿ, ನೆಲ ಮುಟ್ಟಿದ ಕೂಡಲೇ ಹಾರಿಸುವ ಪದ್ಧತಿ ಬೆಳೆಸಿದ. ಅದಕ್ಕೆ ಅವನಿಟ್ಟ ಹೆಸರು ಶಾಕ್ ವಿಧಾನ. ಒಂದು ದಿನಕ್ಕೆ ಅವನು ಇಟ್ಟ ಮಿತಿ ಸುಮಾರು 40 ಜಿಗಿತ, ಅದೂ ವರ್ಷಗಟ್ಟಲೆ ತಯಾರಾದವರಿಗೆ. ನಾನು ಹೊಸಬ, ದಿನಾ ಮುನ್ನೂರು!

ಒಳಗುಟ್ಟು ಇಷ್ಟು. ಕಾಲು ನೆಲಕ್ಕೆ ಬಡಿದಾಗ ಸ್ನಾಯು ಮತ್ತು ಹಿಮ್ಮಡಿ ಮೇಲಿನ ರಜ್ಜು ರಬ್ಬರಿನ ಹಾಗೆ ಹಿಗ್ಗುತ್ತವೆ. ತಕ್ಷಣ ಹಾರಿದರೆ ಆ ಎಳೆತ ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಮಂಡಿ ಆಳಕ್ಕೆ ಬಗ್ಗಿಸಿ ತಡಮಾಡಿದಿರೋ, ಆ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾದ ಮರಳಿಗೆ ಬಿದ್ದ ಅಕ್ಕಿ ಆ ಕ್ಷಣಕ್ಕೇ ಅರಳಬೇಕು, ನಿಂತರೆ ಸೀದು ಹೋಗುತ್ತದೆ. ಈಗಲೂ ಹುಡುಗರಿಗೆ ನಾನು ಹೇಳೋದು, ನೆಲ ಅಂದ್ಕೋಬೇಡ, ಭಟ್ಟಿ ಮರಳು ಅಂದ್ಕೋ.

ಎರಡನೇ ಸಲ ಆತುರಪಡಲಿಲ್ಲ. ಮೊದಲ ನಾಲ್ಕು ವಾರ ಬರೀ ಇಳಿಯೋದನ್ನು ಕಲಿತೆ: ಮಂಡಿ ಒಳಕ್ಕೆ ವಾಲದೆ, ಸದ್ದಾಗದೆ. ಇದಕ್ಕೆ ಗರಡಿಯ ಮಟ್ಟಿ ಒಳ್ಳೆಯದು. ಆಮೇಲಿನ ಜಿಗಿತಕ್ಕೆ ಮಾತ್ರ ಅದು ಮೋಸ, ಮೆತ್ತನೆ ಮಣ್ಣು ಪುಟಿತವನ್ನೇ ನುಂಗುತ್ತದೆ. ಹಾಗಾಗಿ ಗಟ್ಟಿ ಮಣ್ಣಿನ ಬಯಲಿಗೆ ಹೋದೆ. ಮಂಡಿ ಬಗ್ಗಿಸದೆ ಮುಂಗಾಲಿನಲ್ಲೇ ಪುಟಿಯೋದು, ಮಂಡಿ ಎದೆಗೆ ತರುವ ಟಕ್ ಜಂಪ್, ನಿಂತಲ್ಲಿಂದ ಉದ್ದ ಜಿಗಿತ. ಇವು ಇನ್ನೊಂದು ನಾಲ್ಕು ವಾರ.

ಎತ್ತರದಿಂದ ಇಳಿದು ಹಾರುವ ಡೆಪ್ತ್ ಜಂಪ್ ಮುಟ್ಟಿದ್ದು ಒಂಟಿಕಾಲಿನ ಬಸ್ಕಿ ಐದು, ಅಲುಗಾಡದೆ ಬಂದ ಮೇಲೆ. 20 ಸೆಂಟಿಮೀಟರ್ ದಪ್ಪದ ಸಿಮೆಂಟ್ ಬ್ಲಾಕುಗಳನ್ನು ಒತ್ತಾಗಿ ಜೋಡಿಸಿ ಹಲಗೆ ಹಾಕಿದೆ. ಅದರ ಮೇಲಿಂದ ಹಾರಬಾರದು, ಒಂದು ಕಾಲು ಮುಂದಿಟ್ಟು ಸುಮ್ಮನೆ ಉದುರಬೇಕು. ಎರಡೂ ಪಾದ ಒಟ್ಟಿಗೆ ತಾಗಿದ ಕೂಡಲೇ ಮೇಲಕ್ಕೆ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆಗೆ ಗುರುತು ಹಾಕುತ್ತಿದ್ದೆ. ಒಂದು ಬ್ಲಾಕಿಗಿಂತ ಎರಡರಿಂದ ಗುರುತು ಮೇಲೆ ಹೋಯಿತು. ಮೂರರಿಂದ ಕೆಳಗೆ ಬಂತು, ಸದ್ದೂ ‘ಟಪ್’ ಹೋಗಿ ‘ಧಬ್’ ಆಯಿತು. ಅಂದರೆ ನನ್ನ ಎತ್ತರ 40 ಸೆಂಟಿಮೀಟರ್. ಗೆಳೆಯರು ಅಣಕಿಸಿದರು, ಅಣಕಿಸಲಿ. ಐದರ ನಾಲ್ಕು ಸರದಿ, ಒಟ್ಟು ಇಪ್ಪತ್ತು. ಜಿಗಿತಕ್ಕೂ ಜಿಗಿತಕ್ಕೂ ಹತ್ತು ಸೆಕೆಂಡು, ಸರದಿಗೂ ಸರದಿಗೂ ಮೂರು ನಿಮಿಷ ಬಿಡುವು. ಗುರುತು ಎರಡು ಬೆರಳು ಕೆಳಗಿಳಿದರೆ, ಎಷ್ಟೇ ಬಾಕಿ ಇರಲಿ, ಅವತ್ತಿಗೆ ಮುಗಿಯಿತು. ಮಂಗಳವಾರ, ಶುಕ್ರವಾರ ಮಾತ್ರ.

ಕೈಗೆ ಚಪ್ಪಾಳೆ ದಂಡ. ದಂಡ ಹೊಡೆದು ಬೆಳೆದವರಿಗೆ ಅದು ಬೇಗ ಬರುತ್ತದೆ. ಮಣಿಕಟ್ಟು ನೋಯುತ್ತಿದ್ದರೆ ಬಿಡಿ.

ತಿಂಗಳಿಗೊಂದು ಶುಕ್ರವಾರದ ಸರದಿ ಬಿಟ್ಟು, ಭಾನುವಾರ ಬಸ್ಸು ಹತ್ತಿ ಚಿತ್ರದುರ್ಗದ ಕೋಟೆಗೆ ಹೋಗುತ್ತಿದ್ದೆ. ಮೇಲಕ್ಕೆ ಜಿಗಿಯುವಾಗ ಇಳಿತದ ಪೆಟ್ಟು ಕಡಿಮೆ, ಅದಕ್ಕೇ ಮೆಟ್ಟಿಲು ಒಳ್ಳೆಯದು. ಜನ ಬರುವ ಮೊದಲು ಒಂದೊಂದೇ ಕಾಲಿನಲ್ಲಿ ಹತ್ತು ಮೆಟ್ಟಿಲು, ನಿಲ್ಲು, ಮತ್ತೆ ಹತ್ತು. ಇಳಿಯೋದು ನಡೆದೇ. ಮಳೆ ಬಿದ್ದ ದಿನ ಆ ನುಣ್ಣನೆ ಕಲ್ಲಿನ ತಂಟೆಗೇ ಹೋಗಲ್ಲ. ಅಲ್ಲಿ ಮಂಗಗಳು ಕೂತಲ್ಲಿಂದಲೇ, ವಾರ್ಮಪ್ಪೂ ಇಲ್ಲದೆ, ಗೋಡೆಯಿಂದ ಗೋಡೆಗೆ ಹಾರುವುದನ್ನು ನೋಡಿದರೆ ಸ್ವಲ್ಪ ಅವಮಾನವೇ ಆಗುತ್ತದೆ.

ಹನ್ನೆರಡು ವಾರದ ಕೊನೆಗೆ ಗೋಡೆಯ ಗುರುತು 7 ಸೆಂಟಿಮೀಟರ್ ಏರಿತ್ತು. ಅದಕ್ಕಿಂತ ಖುಷಿ ಕೊಟ್ಟಿದ್ದು ಒಂದು ಪಂದ್ಯ: ಬೋನಸ್ ಗೆರೆ ಮುಟ್ಟಿ ತಿರುಗಿದಾಗ ಹಿಂದಿನಿಂದ ಬಂದ ಕೈ ಹಿಮ್ಮಡಿ ಸವರಿ ಜಾರಿತು.

ಗರಡಿಯ ಗುರು ವಸ್ತಾದರಿಗೆ ಇದೆಲ್ಲ ಇನ್ನೂ ಒಪ್ಪಿಗೆಯಿಲ್ಲ. ಮೊನ್ನೆ ನನ್ನ ಪುಸ್ತಕದಲ್ಲಿ ‘20’ ಅಂತ ಬರೆದದ್ದು ನೋಡಿ, ಪಕ್ಕದ ಸೊನ್ನೆ ಯಾರು ಅಳಿಸಿದರು ಅಂತ ಕೇಳಿದರು.