ಪಕ್ ಬಿಟ್ಟು ಕತ್ತು ನೋಡಿದೆ

ಮಾರ್ಚ್ ತಿಂಗಳ ಒಂದು ಬುಧವಾರ, ಕಚೇರಿಯಲ್ಲಿ ಬಿಲ್ಲುಗಳನ್ನು ತಾಳೆ ನೋಡುತ್ತಿದ್ದಾಗ ಸುದ್ದಿ ಬಂತು. ನಾನು ಹಟ ಹಿಡಿದು ಹೆಸರು ಬರೆಸಿದ್ದ ಹುಡುಗನಿಗೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಮೂರು ವರ್ಷದ ಮೊದಲ ಒಪ್ಪಂದ ಸಿಕ್ಕಿತ್ತು. ಆಗಿನ ನಿಯಮದಂತೆ, ಡ್ರಾಫ್ಟಿನಲ್ಲಿ (ತಂಡಗಳು ಸುತ್ತು ಸುತ್ತಾಗಿ ಹುಡುಗರನ್ನು ಆರಿಸಿಕೊಳ್ಳುವುದು) ಒಂಟಾರಿಯೊ ಕಿರಿಯರ ಲೀಗ್‌ನಿಂದ ಆರಿಸಿದ ಹುಡುಗನಿಗೆ ಎರಡು ವರ್ಷದೊಳಗೆ, ಜೂನ್ 1ರೊಳಗೆ, ಸಹಿ ಬೀಳದಿದ್ದರೆ ತಂಡದ ಹಕ್ಕು ಹೋದಂತೆಯೇ. ಆರನೆಯ ಸುತ್ತಿನ ಹುಡುಗರಿಗೆ ಆ ಸಹಿ ಬೀಳುವುದು ಎಷ್ಟು ಅಪರೂಪ ಎಂದು ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ. ಎದ್ದು ಹೊರಗೆ ಹೋಗಿ ಹಿಮದಲ್ಲಿ ಐದು ನಿಮಿಷ ನಿಂತುಬಂದೆ.

ನಾನಿರುವುದು ಕೆನಡಾದ ಒಂಟಾರಿಯೊದ ಕಿಚನರ್‌ನಲ್ಲಿ. ವಾರದ ಐದು ದಿನ ಲೆಕ್ಕಪತ್ರದ ಕೆಲಸ, ಉಳಿದ ಹೊತ್ತು ಅರೆಕಾಲಿಕ ಸ್ಕೌಟ್, ಅಂದರೆ ತಂಡಕ್ಕೆ ಹುಡುಗರನ್ನು ಹುಡುಕಿಕೊಡುವವನು. ಯಾವ ತಂಡ ಎಂದು ಬರೆಯುವಂತಿಲ್ಲ.

ಮೊದಲು ನನ್ನ ಸೋಲನ್ನು ಹೇಳಿಬಿಡುತ್ತೇನೆ. ಈ ಹುಡುಗನಿಗಿಂತ ಮೂರು ವರ್ಷ ಮುಂಚೆ ಆರು ಅಡಿ ಮೂರು ಅಂಗುಲದ ಎಡ ವಿಂಗರ್ (ಎಡಬದಿಯ ದಾಳಿಯ ಆಟಗಾರ) ಒಬ್ಬನ ಬೆನ್ನು ಹತ್ತಿದ್ದೆ. ಒಂದೇ ಋತುವಿನಲ್ಲಿ 40ರ ಹತ್ತಿರ ಗೋಲು. ಹನ್ನೊಂದು ಪಂದ್ಯ ನೋಡಿದೆ, ಹನ್ನೊಂದರಲ್ಲೂ ನನ್ನ ಕಣ್ಣು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಿಂದೆಯೇ ಓಡಿತ್ತು. ಸಭೆಯಲ್ಲಿ ಮೇಜು ಕುಟ್ಟಿ ವಾದಿಸಿದೆ. ಮೂರನೆಯ ಸುತ್ತಿನಲ್ಲಿ ತೆಗೆದುಕೊಂಡರು. ಮರುವರ್ಷ ಅವನ ಜೊತೆ ನಡುವಿನಲ್ಲಿ ಆಡುತ್ತಿದ್ದ ಸೆಂಟರ್ ಮೇಲಿನ ಲೀಗ್‌ಗೆ ಹೋದ, ಇವನ ಗೋಲು 17ಕ್ಕೋ 18ಕ್ಕೋ ಕುಸಿಯಿತು. ಹಳೆಯ ವಿಡಿಯೊ ತೆಗೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಗೋಲು ಪವರ್ ಪ್ಲೇಯಲ್ಲಿ (ಎದುರಾಳಿಯ ಆಟಗಾರ ಶಿಕ್ಷೆಗೆ ಹೊರಗಿದ್ದಾಗ) ಬಂದದ್ದು, ಉಳಿದದ್ದರಲ್ಲಿ ಹೆಚ್ಚಿನವು ಆ ಸೆಂಟರ್ ಸ್ಟಿಕ್ಕಿನ ಮುಂದೆ ತಂದಿಟ್ಟದ್ದು. ಪಕ್ ಬರುವ ಮುಂಚೆ ಹುಡುಗ ಒಮ್ಮೆಯೂ ಹಿಂದೆ ತಿರುಗಿ ನೋಡಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಆ ವರ್ಷ ಕೈಯಿಂದ ಹೋದ ಹಣ ಏಳು ಸಾವಿರ ಡಾಲರ್ ಇರಬಹುದು. ತಂಡ ಕೊಟ್ಟದ್ದು ಕಿಲೋಮೀಟರಿಗೆ ಇಷ್ಟು ಎಂದು ಪೆಟ್ರೋಲ್ ಹಣ, ಮೇಲೆ ಒಂದು ಸಣ್ಣ ಗೌರವಧನ. ಚಳಿಗಾಲದ ಟೈರ್ ನಾಲ್ಕಕ್ಕೆ ಒಂದು ಸಾವಿರ, ಬ್ಯಾರಿ ಹತ್ತಿರ ಹಿಮದಲ್ಲಿ ಕಾರು ಜಾರಿ ಬಂಪರ್ ಒಡೆದದ್ದಕ್ಕೆ ಇನ್ನೊಂದು ಸಾವಿರದ ಮೇಲೆ. ಹೆಂಡತಿ ಲೆಕ್ಕದ ಪುಸ್ತಕ ನೋಡಿ, "ಇನ್ನೊಂದು ಚಳಿಗಾಲ ನೋಡಿ, ಆಮೇಲೆ ಸಾಕು ಮಾಡಿ" ಎಂದಳು. ಹೇಳಿದವಳೇ ಪ್ರತಿ ಶುಕ್ರವಾರ ಅಕ್ಕಿರೊಟ್ಟಿಯ ಡಬ್ಬಿ ಕಟ್ಟಿಕೊಟ್ಟಳು.

ಪಕ್ ಬಿಟ್ಟು ಆಟಗಾರನ ಕತ್ತು ತಿರುಗುವುದನ್ನು ನೋಡುವ ಯೋಚನೆ ಬಂದದ್ದು ಊರಿನಿಂದ. ಕೊಡಗಿನಲ್ಲಿ 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲೆ ನಮ್ಮ ಚಿಕ್ಕಪ್ಪ ಪ್ರತಿ ಬೇಸಿಗೆ ಯಾರ್ಯಾರದೋ ಮನೆಯ ತಂಡಕ್ಕೆ ಆಟ ಹೇಳಿಕೊಡುತ್ತಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಚೆಂಡು ಎಲ್ಲಿದೆ ಎಂದು ಊರಿಗೆಲ್ಲ ಗೊತ್ತು. ಆ ನಂಬರ್ ಏಳರವನು ಈಗ ಏನು ನೋಡುತ್ತಿದ್ದಾನೆ ಹೇಳು" ಎಂದು ಕೇಳುತ್ತಿದ್ದರು. ಹುಲ್ಲಿನ ಹಾಕಿಗೆ ಹೊಂದಿದ ಪ್ರಶ್ನೆ ಮಂಜುಗಡ್ಡೆಗೂ ಹೊಂದುತ್ತದೆ ಎಂದು ನನಗೆ ಹೊಳೆಯಲು ಇಪ್ಪತ್ತು ವರ್ಷ ಬೇಕಾಯಿತು.

ಒಂದು ಪಂದ್ಯಕ್ಕೆ ಒಬ್ಬನೇ ಹುಡುಗ. ಅವನು ಬೆಂಚಿನಿಂದ ಇಳಿದ ಗಳಿಗೆಯಿಂದ ಮರಳಿ ಹತ್ತುವವರೆಗೆ, ಆ ನಲವತ್ತೈದು ಸೆಕೆಂಡಿನ ಶಿಫ್ಟ್ ಪೂರ್ತಿ, ಕಣ್ಣು ಅವನ ಮೇಲೆ. ಪಕ್ ಅವನ ಸ್ಟಿಕ್ಕಿಗೆ ತಲುಪುವ ಮುಂಚಿನ ಎರಡು ಸೆಕೆಂಡಿನಲ್ಲಿ ಕತ್ತು ಎಷ್ಟು ಸಲ ತಿರುಗಿತು ಎಂದು ಎಣಿಸಬೇಕು. ಮೊದಲ ತಿಂಗಳು ಎಲ್ಲವೂ ಕೆಟ್ಟಿತು. ಬರೆಯಲು ಕಣ್ಣು ಕೆಳಗಿಟ್ಟರೆ ಶಿಫ್ಟ್ ಮುಗಿದಿರುತ್ತಿತ್ತು. ಹಳೆಯ ರಿಂಕ್‌ಗಳ ಚಳಿಗೆ ಪೆನ್ನಿನ ಮಸಿ ಕಟ್ಟಿಕೊಂಡಿತು, ಪೆನ್ಸಿಲ್ ಹಿಡಿದೆ. ಕೊನೆಗೆ ಕೈಹಿಡಿದದ್ದು ಅಮ್ಮ ಊರಿನಿಂದ ತಂದಿದ್ದ, ಜಪ ಎಣಿಸುವ ಬೆರಳುಂಗುರದ ಯಂತ್ರ. ಕೈಗವಸಿನೊಳಗೇ ಒತ್ತಬಹುದು, ನೋಡಬೇಕಾಗಿಲ್ಲ. ಬಲಗೈ ಉಂಗುರ ಕತ್ತಿಗೆ, ಎಡಗೈ ಉಂಗುರ ಪಕ್ ಸಿಕ್ಕ ಸಲಕ್ಕೆ. ಶಿಫ್ಟ್ ಮುಗಿದ ಮೇಲೆ ಪುಸ್ತಕಕ್ಕೆ. ಪುಸ್ತಕದಲ್ಲಿ ನಾಲ್ಕು ಕಲಂ ಇವೆ: ಕತ್ತು, ಪಕ್, ಗೋಲಿನ ಮುಂದಿನ ಜಾಗಕ್ಕೆ ತಾನಾಗಿ ಹೊಕ್ಕ ಸಲ. ನಾಲ್ಕನೆಯದನ್ನು ಇಲ್ಲಿ ಬರೆಯುವುದಿಲ್ಲ. ಅದು ಹೊಳೆಯಲು ನನಗೆ ಎರಡು ಚಳಿಗಾಲ ಹಿಡಿಯಿತು.

ಕೂರುವುದು ಎಲ್ಲ ಸ್ಕೌಟ್‌ಗಳ ಜೊತೆ ಮೇಲಿನ ಸಾಲಿನಲ್ಲಲ್ಲ, ಮೂಲೆಯಲ್ಲಿ. ಆಟಗಾರನ ಮುಖ ಕಾಣಬೇಕು. ಎರಡನೆಯ ಅವಧಿಗೆ ಎದುರಿನ ಮೂಲೆಗೆ ಹೋಗುತ್ತೇನೆ.

ನಡುವೆ ಸ್ಟಾಪ್‌ವಾಚ್ ಹುಚ್ಚೂ ಹಿಡಿದಿತ್ತು. ಅಂಕಣವನ್ನು ಮೂರು ವಲಯವಾಗಿ ಭಾಗಿಸುವ ಎರಡು ಬ್ಲೂ ಲೈನ್‌ಗಳ ನಡುವೆ 50 ಅಡಿ, ಅದನ್ನು ದಾಟುವ ಹೊತ್ತನ್ನು ಅಳೆದರೆ ವೇಗ ತಿಳಿಯುತ್ತದೆ ಎಂದುಕೊಂಡೆ. ಚುರುಕಿನ ಹುಡುಗ ಒಂದೂಮುಕ್ಕಾಲು ಸೆಕೆಂಡಿನೊಳಗೆ ದಾಟುತ್ತಾನೆ, ನನ್ನ ಹೆಬ್ಬೆರಳು ತಪ್ಪುವುದೇ ಕಾಲು ಸೆಕೆಂಡು. ಒಬ್ಬನೇ ಹುಡುಗ ಒಂದೇ ರಾತ್ರಿ ಅತಿ ವೇಗದವನೂ ಆದ, ಅತಿ ನಿಧಾನದವನೂ ಆದ. ಆರು ವಾರದ ಕಾಗದ ಒಲೆಗೆ ಹಾಕಿದೆ.

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಐದು ಅಡಿ ಒಂಬತ್ತು ಅಂಗುಲ, ಮೂರನೆಯ ಸಾಲಿನ ಬಲ ವಿಂಗರ್, 68 ಪಂದ್ಯಗಳ ಋತುವಿನಲ್ಲಿ 35ರ ಆಸುಪಾಸು ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ). ಡ್ರಾಫ್ಟಿನ ಹುಡುಗರಿಗೆ ಕ್ರಮಾಂಕ ಕೊಡುವ ಜನವರಿಯ ಸೆಂಟ್ರಲ್ ಸ್ಕೌಟಿಂಗ್ ಪಟ್ಟಿಯಲ್ಲಿ ಬಹಳ ಕೆಳಗಿದ್ದ. ಎಣಿಸಿದರೆ ಹತ್ತು ಸಲ ಪಕ್ ಬಂದಾಗ ಏಳೆಂಟು ಸಲ ಮುಂಚೆಯೇ ಹಿಂದಕ್ಕೆ ನೋಡಿರುತ್ತಿದ್ದ. ಆ ಚಳಿಗಾಲದಲ್ಲಿ ನಾನು ಎಣಿಸಿದ ಉಳಿದ ಮೂವತ್ತು ಮೂವತ್ತೈದು ಫಾರ್ವರ್ಡ್‌ಗಳಲ್ಲಿ ಹೆಚ್ಚಿನವರು ಮೂರು ನಾಲ್ಕಕ್ಕೆ ನಿಲ್ಲುತ್ತಿದ್ದರು.

ಫೆಬ್ರವರಿಯಲ್ಲಿ ಸಡ್ಬರಿಗೆ ಹೋದೆ. ಒಂದು ದಿಕ್ಕಿಗೆ 450 ಕಿಲೋಮೀಟರ್, ಹೊರಗೆ ಮೈನಸ್ 27. ಪಕ್ಕದಲ್ಲಿ ನಮ್ಮದೇ ತಂಡದ ಹಿರಿಯ ಸ್ಕೌಟ್. ಎರಡನೆಯ ಅವಧಿಯಲ್ಲಿ, ತನ್ನ ವಲಯದ ಗೋಡೆಯ ಬಳಿ ಹುಡುಗ ನಿಂತಿದ್ದ. ಡಿಫೆನ್ಸ್‌ಮನ್ ಗೋಲಿನ ಹಿಂದಿನಿಂದ ಪಕ್ ಅನ್ನು ಗೋಡೆಗುಂಟ ಸುತ್ತಿಸಿ ಹೊಡೆದ. ಎದುರಾಳಿಯ ದಢೂತಿ ಡಿಫೆನ್ಸ್‌ಮನ್ ಬ್ಲೂ ಲೈನ್ ಬಿಟ್ಟು ಇವನ ಮೇಲೆ ನುಗ್ಗಿ ಬರುತ್ತಿದ್ದ. ಹುಡುಗ ಭುಜದ ಮೇಲಿಂದ ಒಮ್ಮೆ ನೋಡಿದ, ಪಕ್ ಅರ್ಧ ದಾರಿ ಬಂದಾಗ ಮತ್ತೊಮ್ಮೆ ನೋಡಿದ. ಸ್ಕೇಟಿನ ಒಳಬದಿಗೆ ಪಕ್ ತಾಗಿಸಿ ಸ್ಟಿಕ್ಕಿಗೆ ಇಳಿಸಿಕೊಂಡು, ತಲೆ ಎತ್ತದೆ, ನಡುವಿನಲ್ಲಿ ಬರುತ್ತಿದ್ದ ಸೆಂಟರ್‌ಗೆ ದಾಟಿಸಿದ. ಡಿಕ್ಕಿ ಬಿದ್ದದ್ದು ಆಮೇಲೆ, ಗಾಜು ಅದುರಿತು. ಅಷ್ಟರಲ್ಲಿ ಸೆಂಟರ್ ಬ್ಲೂ ಲೈನ್ ದಾಟಿ ಆಗಿತ್ತು. ಅಂಕಪಟ್ಟಿಗೆ ಇದರಲ್ಲಿ ಒಂದಕ್ಷರವೂ ಹೋಗುವುದಿಲ್ಲ.

"ನೋಡಿದಿರಾ?" ಎಂದೆ. ಹಿರಿಯರು ಲ್ಯಾಪ್‌ಟಾಪ್‌ನಿಂದ ತಲೆ ಎತ್ತಿ, "ಏನನ್ನು? ಇವನು ಕುಳ್ಳ, ಗೋಡೆಯ ಬಳಿ ಉಳಿಯುವುದಿಲ್ಲ" ಎಂದರು. ಅವರು ಮೂವತ್ತು ವರ್ಷ ಈ ಕೆಲಸ ಮಾಡಿದವರು, ನನಗೆ ಅನೇಕ ಸಂಗತಿ ಕಲಿಸಿದವರು. ಆದರೂ ಅವತ್ತು ಹುಡುಗ ಗೋಡೆಯ ಬಳಿ ಉಳಿದದ್ದನ್ನು ನಾನು ನೋಡಿದ್ದೆ, ಅವರು ನೋಡಿರಲಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಬಹಳ ಮುಖ್ಯ. ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ಮೂರು ಪಂದ್ಯ ಬರುವ ವಾರಾಂತ್ಯ ಹುಡುಕಿ, ಭಾನುವಾರ ಮಧ್ಯಾಹ್ನದ್ದಕ್ಕೆ ಹೋಗುತ್ತೇನೆ. ಎಲ್ಲರ ಕಾಲೂ ಸೀಸವಾಗಿರುತ್ತವೆ. ದಣಿದ ಹುಡುಗ ಮೊದಲು ಬಿಡುವುದು ಕತ್ತು ತಿರುಗಿಸುವುದನ್ನು. ಇವನ ಲೆಕ್ಕ ಭಾನುವಾರದ ಮೂರನೆಯ ಅವಧಿಯಲ್ಲೂ ಆರರ ಕೆಳಗೆ ಇಳಿಯಲಿಲ್ಲ. ಆಮೇಲೆ ಅವನು ಉಳಿದುಕೊಂಡಿದ್ದ ಮನೆಯ ಯಜಮಾನಿಯ ಜೊತೆ ಕಾಫಿ ಕುಡಿದೆ. ಕೇಳಿದ್ದು ಒಂದೇ ಪ್ರಶ್ನೆ. ಅದೂ ನನ್ನ ಹತ್ತಿರವೇ ಇರಲಿ.

ಏಪ್ರಿಲ್ ಸಭೆಯಲ್ಲಿ ಹನ್ನೆರಡು ಮಂದಿಯಲ್ಲಿ ಅವನ ಪರ ನಾನೊಬ್ಬನೇ. ಮುಂದೆ ದೊಡ್ಡ ತಾರೆಗಳಾದ ದತ್ಸ್ಯುಕ್ 1998ರಲ್ಲಿ 171ನೆಯವನಾಗಿ, ಜೆಟರ್‌ಬರ್ಗ್ 1999ರಲ್ಲಿ 210ನೆಯವನಾಗಿ ಡೆಟ್ರಾಯಿಟ್‌ಗೆ ಸಿಕ್ಕದ್ದನ್ನು ಎಲ್ಲರೂ ಬಲ್ಲರು, ಅದನ್ನು ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಅದಕ್ಕೇ ಪುಸ್ತಕ ಬಿಚ್ಚಿ ಹದಿನಾಲ್ಕು ಪಂದ್ಯದ ಲೆಕ್ಕ ಮುಂದಿಟ್ಟೆ, ಗೋಡೆಯ ಬಳಿಯ ಇಪ್ಪತ್ತು ತುಣುಕು ವಿಡಿಯೊ ಹಾಕಿದೆ. ಕೋಣೆ ಸುಮ್ಮನಾಯಿತು. ಮುಖ್ಯಸ್ಥರು, "ಆರನೆಯ ಸುತ್ತಿನವರೆಗೆ ಉಳಿದಿದ್ದರೆ ನಿನ್ನ ಹುಡುಗ" ಎಂದರು. ಉಳಿದಿದ್ದ. ಮನೆಯಲ್ಲಿ ಟಿವಿಯ ಮುಂದೆ ಹೆಂಡತಿ ನನಗಿಂತ ಮೊದಲು ಕೂಗಿದಳು.

ಮುಂದಿನ ಎರಡು ಋತುಗಳಲ್ಲಿ ಅವನ ಪಾಯಿಂಟ್ 58ಕ್ಕೆ, ಆಮೇಲೆ 80ರ ಹತ್ತಿರಕ್ಕೆ ಏರಿತು. ಒಂದು ಅಂಗುಲವೂ ಬೆಳೆದ. ಸಹಿಯ ದಿನ ಹಿರಿಯರು ಫೋನ್ ಮಾಡಿ, "ಆ ಉಂಗುರ ಎಲ್ಲಿ ಸಿಗುತ್ತದೆ?" ಎಂದು ಕೇಳಿದರು. ಅಮ್ಮನಿಗೆ ಹೇಳಿ ಮೈಸೂರಿನಿಂದ ಆರು ತರಿಸಿದೆ, ಎರಡು ಅವರಿಗೆ ಕೊಟ್ಟೆ. ನಾಲ್ಕನೆಯ ಕಲಂ ಕೊಡಲಿಲ್ಲ.

ಡಿಫೆನ್ಸ್‌ಮನ್‌ಗಳ ಮೇಲೆ ಇದೇ ಎಣಿಕೆಯನ್ನು ಎರಡು ಚಳಿಗಾಲದಿಂದ ಹಚ್ಚಿ ನೋಡುತ್ತಿದ್ದೇನೆ, ಏನೂ ಹೊಂದುತ್ತಿಲ್ಲ. ಒಳ್ಳೆಯವನೂ ಸಾಧಾರಣದವನೂ ಒಂದೇ ಲೆಕ್ಕ ತೋರಿಸುತ್ತಾರೆ. ಎರಡು ಸೆಕೆಂಡಿನ ಬದಲು ನಾಲ್ಕು ಸೆಕೆಂಡು ಹಿಂದಿನಿಂದ ಎಣಿಸಬೇಕೇನೋ. ಈ ಶನಿವಾರ ನಾರ್ತ್ ಬೇಗೆ ಹೋಗುತ್ತಿದ್ದೇನೆ, ಅಲ್ಲಿ ಹಾಗೆ ಮಾಡಿ ನೋಡುತ್ತೇನೆ.