ಕಾಲು ಹಿಡಿದು ಅಳೆದ ನರದ ವೇಗ

ನಾನು ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹತ್ತನೇ ತರಗತಿಗೆ ನರವ್ಯೂಹದ ಪಾಠ ಮಾಡುವುದೆಂದರೆ ಮೊದಲೆಲ್ಲ ನನಗೆ ಬೋರ್ಡಿನ ಮೇಲೆ ಚಿತ್ರ ಬರೆಯುವ ಕೆಲಸ. ನರಕೋಶ ಒಂದು, ಮೆದುಳು ಒಂದು, ಪರಾವರ್ತಿತ ಚಾಪ ಒಂದು. ಮಕ್ಕಳೂ ಅದನ್ನೇ ಅಂದವಾಗಿ ಬರೆದು, ಹೆಸರು ಗುರುತಿಸಿ, ಅಂಕ ತಗೊಂಡು ಹೋಗುತ್ತಿದ್ದರು.

ಒಂದು ವರ್ಷ ಕಿರುಪರೀಕ್ಷೆಯ ಪೇಪರು ತಿದ್ದುತ್ತಾ ಕೂತಿದ್ದೆ. ‘ಬಿಸಿ ಹಂಚು ಮುಟ್ಟಿದಾಗ ಕೈ ತಾನೇ ಹಿಂದೆ ಬರುತ್ತದೆ, ಏಕೆಂದರೆ ಅದು ಮೆದುಳಿಗೆ ಗೊತ್ತಾಗುವುದಿಲ್ಲ’ ಎಂದು ಹನ್ನೊಂದು ಜನ ಬರೆದಿದ್ದರು. ಒಬ್ಬರದು ನೋಡಿ ಇನ್ನೊಬ್ಬರು ಬರೆದದ್ದಲ್ಲ, ಕೂತ ಜಾಗವೇ ಬೇರೆ ಬೇರೆ. ಅಂದರೆ ನಾನು ಹೇಳಿಕೊಟ್ಟದ್ದೇ ಅವರಿಗೆ ಹಾಗೆ ಕೇಳಿಸಿತ್ತು.

ಮರುದಿನ ತಿದ್ದಿ ಹೇಳಿದೆ. ಸುಟ್ಟ ಸುದ್ದಿ ಬೆರಳಿನಿಂದ ಮೆದುಳುಬಳ್ಳಿಗೆ, ಅಂದರೆ ಬೆನ್ನುಮೂಳೆಯೊಳಗಿನ ನರದ ಹುರಿಗೆ, ಬರುತ್ತದೆ. ಅಲ್ಲಿಂದಲೇ ತೋಳಿನ ಸ್ನಾಯುವಿಗೆ ‘ಎಳಕೋ’ ಅಂತ ಅಪ್ಪಣೆ ಹೋಗುತ್ತದೆ. ಅದೇ ಸುದ್ದಿ ಮೆದುಳಿಗೂ ಹೋಗುತ್ತದೆ, ಆದರೆ ತುಸು ತಡವಾಗಿ. ‘ಅವ್ವಾ’ ಅಂತ ಬಾಯಿ ತೆರೆಯುವ ಹೊತ್ತಿಗೆ ಕೈ ಆಗಲೇ ಈಚೆ ಬಂದಿರುತ್ತದೆ. ಇಷ್ಟು ಹೇಳಿ ಮುಗಿಯಿತು ಅಂದುಕೊಂಡೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು.

“ಸರ, ನಮ್ಮವ್ವ ಹಂಚಿನ ಮ್ಯಾಲಿನ ರೊಟ್ಟಿ ಬರಿಗೈಲೇ ತಿರುವಿ ಹಾಕ್ತಾಳ್ರಿ. ಆಕಿ ಕೈ ಯಾಕ ಹಿಂದ ಬರಂಗಿಲ್ರಿ?”

ಇಪ್ಪತ್ತು ವರ್ಷ ಜೋಳದ ರೊಟ್ಟಿ ತಿಂದು ಪಾಠ ಮಾಡಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಾಳೆ ಹೇಳ್ತೀನಿ ಕೂಡು ಅಂದೆ. ಓದಿ ನೋಡಿದರೆ ಉತ್ತರ ಇತ್ತು. ಮೆದುಳಿನಿಂದ ಕೆಳಗೆ ಇಳಿಯುವ ನರಗಳೂ ಇವೆ. ಅವು ಮೆದುಳುಬಳ್ಳಿಗೆ ‘ಸ್ವಲ್ಪ ತಡಿ, ಎಳೀಬೇಡ’ ಅಂತ ಹೇಳಬಲ್ಲವು. ಬಿಸಿ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮೆದುಳು ಆ ಎಳೆತವನ್ನು ಅದುಮಿ ಹಿಡಿಯುತ್ತದೆ. ಜೊತೆಗೆ ಅವ್ವನ ಬೆರಳಿನ ಚರ್ಮ ದಪ್ಪಗಾಗಿದೆ, ರೊಟ್ಟಿಗೆ ಮೇಲೆ ನೀರು ಸವರಿದೆ, ಮುಟ್ಟುವುದೂ ಕ್ಷಣದ ಮಾತು. ಅದೇ ಅವ್ವ ಗೊತ್ತಿಲ್ಲದೆ ಬಿಸಿ ಹಂಚಿಗೆ ಕೈ ತಾಗಿಸಿಕೊಂಡರೆ ನಮ್ಮ ಹಾಗೇ ಎಳೆದುಕೊಳ್ಳುತ್ತಾಳೆ.

ಇದಾದ ಮೇಲೆ ನನಗೆ ಅನ್ನಿಸಿದ್ದು, ಈ ಪಾಠದಲ್ಲಿ ಮಕ್ಕಳಿಗೆ ತಪ್ಪುತ್ತಿರುವುದು ಚಿತ್ರ ಅಲ್ಲ, ಹೊತ್ತಿನ ಲೆಕ್ಕ. ಮೊದಲು ಯಾವುದು, ಆಮೇಲೆ ಯಾವುದು, ನಡುವೆ ಎಷ್ಟು ಹೊತ್ತು. ಅದನ್ನು ಬೋರ್ಡಿನ ಮೇಲೆ ತೋರಿಸಲಿಕ್ಕೆ ಆಗಲ್ಲ. ಅಳೆದೇ ನೋಡಬೇಕು.

ಮೈದಾನದ ಬೇವಿನ ಮರದ ಕೆಳಗೆ 40 ಮಕ್ಕಳನ್ನು ಕೈ ಕೈ ಹಿಡಿದು ಸುತ್ತ ನಿಲ್ಲಿಸಿದೆ. ಮೊದಲನೆಯವನು ಒಂದು ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಒತ್ತುತ್ತಲೇ ಇನ್ನೊಂದರಿಂದ ಪಕ್ಕದವನ ಕೈ ಹಿಚುಕಬೇಕು. ಅವನು ಮುಂದಿನವನಿಗೆ, ಹೀಗೆ ಸುತ್ತು ಬಂದು ಕೊನೆಯವನು ಮೊದಲನೆಯವನ ಭುಜ ಅದುಮಿದ ಕೂಡಲೇ ವಾಚು ನಿಲ್ಲಬೇಕು. ಮೊದಲ ಸುತ್ತಿಗೆ 14 ಸೆಕೆಂಡು, ಅರ್ಧ ನಗುವಿನಲ್ಲೇ ಹೋಯಿತು. ಆಮೇಲೆ ಒಮ್ಮೆಲೇ 5 ಸೆಕೆಂಡಿಗೆ ಇಳಿಯಿತು. ನಾನು ಹಿಗ್ಗಿದೆ. ಆಮೇಲೆ ಗೊತ್ತಾಯಿತು, ಬರುತ್ತಿರುವುದನ್ನು ಕಣ್ಣಲ್ಲಿ ನೋಡಿ ಮುಂಚೆಯೇ ಹಿಚುಕುತ್ತಿದ್ದರು! ಕಣ್ಣು ಮುಚ್ಚಿಸಿದೆ. ಆಗ 9 ಸೆಕೆಂಡಿನ ಆಸುಪಾಸಿಗೆ ಬಂದು ನಿಂತಿತು.

9 ಸೆಕೆಂಡನ್ನು 40ರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ ಸುಮಾರು 0.22. ಕೈಯಿಂದ ಮೆದುಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಕೈಗೆ ಬರಲು ದಾರಿ ಹೆಚ್ಚೆಂದರೆ 2 ಮೀಟರ್. ಈ ನರಗಳಲ್ಲಿ ಸುದ್ದಿ ಸೆಕೆಂಡಿಗೆ 50 ಮೀಟರಿನಷ್ಟು ಓಡುತ್ತದೆ ಅಂತಿಟ್ಟುಕೊಂಡರೆ ದಾರಿಗೆ ಹಿಡಿಯುವುದು 0.04 ಸೆಕೆಂಡು ಮಾತ್ರ. ಉಳಿದ 0.18 ಎಲ್ಲಿ ಹೋಯಿತು? ಇದನ್ನು ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತೆ.

ಸ್ನಾಯು ಬಿಗಿಯುವುದಕ್ಕೆ ಒಂದಿಷ್ಟು ಹೋಗುತ್ತದೆ. ಜಾಸ್ತಿ ಹೋಗುವುದು ಮೆದುಳಿನ ಒಳಗೇ. ಅಲ್ಲಿ ಸುದ್ದಿ ಒಂದು ನರಕೋಶದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟುತ್ತಾ, ‘ಮುಟ್ಟಿದರು, ಈಗ ಹಿಚುಕಬೇಕು’ ಅನ್ನುವವರೆಗೆ ಬರಬೇಕು. ಪ್ರತಿ ದಾಟಿಗೂ ಅರ್ಧ ಮಿಲಿಸೆಕೆಂಡಿನಷ್ಟು ಸುಂಕ. ಮೊಣಕಾಲಿನ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಚಿಮ್ಮುತ್ತದಲ್ಲ, ಆ ದಾರಿಯಲ್ಲಿ ಮೆದುಳುಬಳ್ಳಿಯೊಳಗೆ ದಾಟು ಒಂದೇ ಒಂದು. ಅದಕ್ಕೇ ಅಷ್ಟು ಚುರುಕು.

“ಸರ, ಇದು ಕೊಂಡಿ ಹಾಕಿದಂಗ ಐತ್ರಿ” ಅಂದ ಒಬ್ಬ ನೇಕಾರರ ಹುಡುಗ.

ಇಳಕಲ್ ಸೀರೆ ಗೊತ್ತಿದ್ದವರಿಗೆ ಇದು ತಿಳಿಯುತ್ತದೆ. ಒಡಲಿನ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹಾಯುವ ಎಳೆಗಳು, ಬೇರೆ; ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಹೋಲಿಕೆ ಚೆನ್ನಾಗಿತ್ತು, ಆದರೆ ಪೂರ್ತಿ ಸರಿಯಲ್ಲ. ಕೊಂಡಿಯಲ್ಲಿ ಎಳೆ ಎಳೆಗೆ ತಾಗುತ್ತದೆ. ನರಕೋಶಗಳ ನಡುವಿನ ಸಿನಾಪ್ಸ್‌ನಲ್ಲಿ ಸಾಮಾನ್ಯವಾಗಿ ಸಂದು ಇರುತ್ತದೆ, ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ವಿದ್ಯುತ್ತಾಗಿ ಬಂದ ಸುದ್ದಿ ಅಲ್ಲಿ ರಾಸಾಯನಿಕವಾಗಿ ಸಂದು ದಾಟಿ, ಆಚೆ ದಡದಲ್ಲಿ ಮತ್ತೆ ವಿದ್ಯುತ್ತಾಗುತ್ತದೆ. ದೊಡ್ಡ ವಿಜ್ಞಾನಿಗಳೇ ಈ ವಿಷಯಕ್ಕೆ ಜಗಳಾಡಿದ್ದಾರೆ ಅಂತ ಆ ಹುಡುಗನಿಗೆ ಹೇಳಿದೆ. ನರಗಳೆಲ್ಲ ಒಂದೇ ಬಲೆ ಅಂದವನು ಇಟಲಿಯ ಗಾಲ್ಜಿ. ಇಲ್ಲ, ಒಂದೊಂದೂ ಬೇರೆ ಕೋಶ ಅಂದವನು ಸ್ಪೇನಿನ ಕಹಾಲ್, ಅದೂ ನರಕೋಶ ಎದ್ದು ಕಾಣಲೆಂದು ಗಾಲ್ಜಿ ಕಂಡುಹಿಡಿದ ಬಣ್ಣ ಬಳಸಿಯೇ. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಕೊಟ್ಟರು. ಗಾಲ್ಜಿ ಅಲ್ಲಿಯ ಭಾಷಣದಲ್ಲೂ ತನ್ನ ಪಟ್ಟು ಬಿಡಲಿಲ್ಲ.

ಇನ್ನು 50 ಮೀಟರ್ ಅಂತ ನಾನು ಹೇಳಿದ್ದನ್ನು ಮಕ್ಕಳು ಯಾಕೆ ನಂಬಬೇಕು? ಅದನ್ನೂ ಅಳೆಯೋಣ ಅಂದೆ. ಒಮ್ಮೆ ಪಕ್ಕದವರ ಭುಜ ಅದುಮುವುದು, ಒಮ್ಮೆ ಪಾದದ ಗಂಟು ಅದುಮುವುದು. ಕಾಲಿನಿಂದ ಮೆದುಳಿಗೆ ದಾರಿ ಉದ್ದ, ಹಾಗಾಗಿ ತಡ. ಉಳಿದದ್ದೆಲ್ಲ ಎರಡರಲ್ಲೂ ಒಂದೇ, ಆದ್ದರಿಂದ ಆ ತಡವೆಲ್ಲ ಹೆಚ್ಚಿನ ದಾರಿಯ ಲೆಕ್ಕಕ್ಕೆ. ಉಪಾಯ ನನ್ನದಲ್ಲ. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ವೇಗ ಅಳೆದು, ಸೆಕೆಂಡಿಗೆ ಸುಮಾರು 27 ಮೀಟರ್ ಅಂದ. ಆಮೇಲೆ ಮನುಷ್ಯರ ಮೈಯ ಬೇರೆ ಬೇರೆ ಜಾಗ ಮುಟ್ಟಿಯೂ ನೋಡಿದ. ಅವನ ಗುರು ಮ್ಯೂಲರ್‌ಗೆ ಈ ವೇಗ ಅಳೆಯಲಿಕ್ಕೇ ಬರದು ಅನ್ನಿಸಿತ್ತು.

ಹೆಲ್ಮ್‌ಹೋಲ್ಟ್ಸನಿಗೆ ಬರದ ತೊಂದರೆ ನಮಗೆ ಬಂತು. ಸಾಲಿನಲ್ಲಿ ನಾನೂ ಕೂತಿದ್ದೆ. ಪಕ್ಕದ ಹುಡುಗನ ಪಾದಕ್ಕೆ ಕೈ ಹಾಕಿದ್ದೇ ತಡ, ಚೇಳು ಕಡಿದವನ ಹಾಗೆ ಎದ್ದು ನಿಂತ. “ಬ್ಯಾಡ್ರಿ ಸರ, ಪಾಪ ಹತ್ತತೈತಿ!” ಇತ್ತ ನನ್ನ ಕಾಲು ಹಿಡಿಯಬೇಕಾದವನು ಹಿಡಿದ, ಹಿಡಿದು ಕೈ ಕಣ್ಣಿಗೊತ್ತಿಕೊಂಡ. ಅವನನ್ನು ನೋಡಿ ಉಳಿದವರೂ ಶುರು ಮಾಡಿದರು. ಆ ಸುತ್ತಿಗೆ ಮುಕ್ಕಾಲು ನಿಮಿಷ ಹಿಡಿಯಿತು. ನಾನು ಎದ್ದು ಹೊರಗೆ ಬಂದೆ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಸಾಲಾಗಿ ಕೂತರು. ಎರಡು ಸಾಲೂ ಸೇರುವಲ್ಲಿ ಒಂದು ಜೋಡಿ ಅಣ್ಣ ತಂಗಿ ಅವಳಿಗಳಿದ್ದದ್ದು ನಮ್ಮ ಪುಣ್ಯ. ಇನ್ನೊಂದು ತುದಿಗೆ ಇಬ್ಬರೂ ಸ್ಕೇಲಿನಿಂದ ಒತ್ತಿಕೊಂಡರು.

ಐದೈದು ಸಲ ಮಾಡಿ ಸರಾಸರಿ ತೆಗೆದೆವು. ಭುಜಕ್ಕೆ 8.6, ಕಾಲಿಗೆ 9.5. ಅಂತರ 0.9 ಸೆಕೆಂಡು. ಭುಜಕ್ಕಿಂತ ಕಾಲಿನ ದಾರಿ ಒಬ್ಬರಿಗೆ 1.1 ಮೀಟರ್ ಉದ್ದ, 40 ಜನಕ್ಕೆ 44 ಮೀಟರ್. ಸೆಕೆಂಡಿಗೆ 49 ಮೀಟರ್ ಬಂತು! ಇದರಲ್ಲಿ ಅದೃಷ್ಟದ ಪಾಲೂ ಇದೆ ಅಂತ ಒಪ್ಪಿಕೊಳ್ಳುತ್ತೇನೆ. ಬಿ ಸೆಕ್ಷನ್ನಿನಲ್ಲಿ ಮಾಡಿದಾಗ 31 ಬಂತು. ಅದನ್ನೂ ಬೋರ್ಡಿನ ಮೇಲೆ ಹಾಗೇ ಬರೆದೆ.

ನೀವೂ ಮಾಡುವುದಾದರೆ ಬೆಳಗಿನ ಪಿರಿಯಡ್ಡಿನಲ್ಲಿ ಮಾಡಿ. ಒಮ್ಮೆ ಬಿಸಿಯೂಟ ಆದ ಮೇಲೆ ಮಾಡಿಸಿದೆ. 20 ಸೆಕೆಂಡಾದರೂ ಸುದ್ದಿ ಸುತ್ತಿ ಬರಲೇ ಇಲ್ಲ. ಹೋಗಿ ನೋಡಿದರೆ ಹದಿನೇಳನೆಯವನು ಮುಚ್ಚಿದ ಕಣ್ಣು ಮುಚ್ಚಿಕೊಂಡೇ ನಿದ್ದೆ ಹೋಗಿದ್ದ.